ಅಭಯವಿಲ್ಲದ ಸಿನಿಮಾ: ಸಣ್ಣ ಬಂಡವಾಳದ ಸ್ವತಂತ್ರ ಭಯಾನಕ ಚಿತ್ರಗಳು



ದತ್ತಿ ಉಪನ್ಯಾಸವೆಂದರೆ ಕವಿಗಳ ಬಗ್ಗೆ, ವಚನಗಳ ಬಗ್ಗೆ, ಶಾಸನಗಳ ಬಗ್ಗೆ ಮಾತು ಕೇಳಿ ನಮಗೆ ರೂಢಿ. ದೆವ್ವದ ಸಿನಿಮಾಗಳ ಬಗ್ಗೆ, ಅದರಲ್ಲೂ ಕೈಯಲ್ಲಿ ಕಾಸಿಲ್ಲದವರು ಗೆಳೆಯರಿಂದ ನೆಂಟರಿಂದ ಹಣ ಕೂಡಿಸಿ ತೆಗೆದ ಚಿತ್ರಗಳ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘಟಕರು ಮನಸಾರೆ ಒಪ್ಪಿದರು. ಅವರಿಗೆ ನಾನು ಋಣಿ. ಭರತ ನಾಟ್ಯಶಾಸ್ತ್ರದಲ್ಲಿ ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಶೃಂಗಾರಕ್ಕೆ, ವೀರಕ್ಕೆ ಹೇಗೆ ವಿಭಾವ, ಅನುಭಾವಗಳನ್ನು ವಿವರಿಸಿದನೋ ಹಾಗೆಯೇ ಇದಕ್ಕೂ ವಿವರಿಸಿದ್ದಾನೆ. ನಮ್ಮ ಸಿನಿಮಾ ವಿಮರ್ಶೆ ಮಾತ್ರ ಈ ರಸವನ್ನು ಗಂಭೀರವಾಗಿ ತೆಗೆದುಕೊಂಡದ್ದು ಕಡಿಮೆ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಹಣ ಹಾಕಿದ ಚಿತ್ರ ನೋಡುಗರಿಗೆ ಒಂದು ಅಭಯ ಕೊಟ್ಟೇ ಶುರುವಾಗುತ್ತದೆ. ಪೋಸ್ಟರಿನಲ್ಲಿ ದೊಡ್ಡ ನಟನ ಮುಖ ಕಂಡ ಕೂಡಲೇ ಆತ ಮಧ್ಯಂತರಕ್ಕೆ ಮುಂಚೆ ಸಾಯುವುದಿಲ್ಲ ಎಂದು ನಮಗೆ ಗೊತ್ತಾಗುತ್ತದೆ. ಮಗುವಿಗೆ ಏನೂ ಆಗುವುದಿಲ್ಲ, ಒಳ್ಳೆಯವರು ಉಳಿಯುತ್ತಾರೆ, ಕೊನೆಗೆ ಬೆಳಗಾಗುತ್ತದೆ ಎಂಬುದೂ ಗೊತ್ತಿರುತ್ತದೆ. ಇಷ್ಟನ್ನು ಕೊಡದಿದ್ದರೆ ಹಾಕಿದ ಹಣ ವಾಪಸು ಬಾರದು ಎಂದು ಹಣ ಹಾಕಿದವರು ನಂಬಿರುತ್ತಾರೆ. ಪ್ರೇಮದ ಕಥೆಗೆ, ಸಾಹಸದ ಕಥೆಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಭಯದ ಕಥೆಗೆ ಇದು ಮಾರಕ. ಏನೂ ಆಗುವುದಿಲ್ಲ ಎಂದು ಗೊತ್ತಿದ್ದ ಮೇಲೆ ಭಯ ಎಲ್ಲಿಂದ ಹುಟ್ಟಬೇಕು? ಸಣ್ಣ ಬಂಡವಾಳದ ಸ್ವತಂತ್ರ ಚಿತ್ರಕ್ಕೆ ಅಂಥ ಅಭಯ ಕೊಡುವ ಶಕ್ತಿಯೂ ಇಲ್ಲ, ಕೊಡಬೇಕೆಂಬ ಹಂಗೂ ಇಲ್ಲ. ಆದ್ದರಿಂದ, ಕಾಪಾಡುವವರು ಯಾರೂ ಇಲ್ಲದಾಗ ಮನುಷ್ಯರು ಒಬ್ಬರೊಂದಿಗೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅದು ನೇರವಾಗಿ ನೋಡಬಲ್ಲದು. ಈ ಚಿತ್ರಗಳನ್ನು ನೋಡಬೇಕಾದದ್ದು ಇದಕ್ಕಾಗಿ.

ಕಡಿಮೆ ಖರ್ಚಿನ ಚಿತ್ರಗಳೆಲ್ಲ ಸ್ವತಂತ್ರ ಚಿತ್ರಗಳಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 1942ರಲ್ಲಿ ಹಾಲಿವುಡ್ಡಿನ ಆರ್‌ಕೆಒ ಸ್ಟುಡಿಯೊ ತನ್ನ ಭಯಾನಕ ಚಿತ್ರಗಳ ವಿಭಾಗವನ್ನು ವ್ಯಾಲ್ ಲ್ಯೂಟನ್ ಎಂಬ ನಿರ್ಮಾಪಕರಿಗೆ ವಹಿಸಿತು. ಖರ್ಚು ಒಂದೂವರೆ ಲಕ್ಷ ಡಾಲರ್ ಮೀರಬಾರದು, ಅವಧಿ 75 ನಿಮಿಷ ದಾಟಬಾರದು, ಚಿತ್ರದ ಹೆಸರನ್ನು ಸ್ಟುಡಿಯೊವೇ ಕೊಡುತ್ತದೆ ಎಂಬುದು ಷರತ್ತು. ಜಾಕ್ ಟೂರ್ನರ್ ನಿರ್ದೇಶಿಸಿದ 'ಕ್ಯಾಟ್ ಪೀಪಲ್' ಹೀಗೆ ಬಂತು. ರಾತ್ರಿ ಹೊತ್ತು ಈಜುಕೊಳದಲ್ಲಿ ಒಬ್ಬಳೇ ಇರುವ ಹೆಂಗಸು, ಗೋಡೆಯ ಮೇಲೆ ಅಲುಗುವ ನೀರಿನ ಬೆಳಕು, ಎಲ್ಲಿಂದಲೋ ಬರುವ ಗುರುಗುಟ್ಟುವ ಸದ್ದು, ಅಷ್ಟೇ. ತೋರಿಸದೆ ಹೆದರಿಸುವ ವಿದ್ಯೆಯನ್ನು ಮುಂದಿನವರು ಇಂಥ ಚಿತ್ರಗಳಿಂದ ಕಲಿತರು. ಆದರೂ ಹೆಸರಿನಿಂದ ಹಿಡಿದು ಉದ್ದದವರೆಗೆ ಕೊನೆಯ ಮಾತು ಸ್ಟುಡಿಯೊದ್ದೇ. ಇಂದು ನಾನು ಹೇಳಲು ಬಂದಿರುವುದು ತೀರ್ಮಾನವೂ ತಮ್ಮದೇ, ನಷ್ಟವೂ ತಮ್ಮದೇ ಎಂದು ಹೊರಟವರ ಬಗ್ಗೆ.

ಪಿಟ್ಸ್‌ಬರ್ಗಿನ ಹತ್ತು ಜನ

ಅಮೆರಿಕದ ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳ ಊರು, ಸಿನಿಮಾದ ಊರಲ್ಲ. 1960ರ ದಶಕದಲ್ಲಿ ಜಾರ್ಜ್ ರೊಮೆರೊ ಮತ್ತು ಅವರ ಗೆಳೆಯರು ಅಲ್ಲಿ ಒಂದು ಸಣ್ಣ ಸಂಸ್ಥೆ ಕಟ್ಟಿಕೊಂಡು ಟೀವಿ ಜಾಹೀರಾತುಗಳನ್ನು ಮಾಡುತ್ತಿದ್ದರು. ಪೂರ್ಣಾವಧಿಯ ಸಿನಿಮಾ ಮಾಡುವ ಆಸೆಯಿಂದ ಹತ್ತು ಜನ ತಲಾ 600 ಡಾಲರ್ ಹಾಕಿ 'ಇಮೇಜ್ ಟೆನ್' ಎಂಬ ಕಂಪನಿ ಮಾಡಿದರು. ಆಮೇಲೆ ಇನ್ನಷ್ಟು ಜನರಿಂದ ಹಣ ಬಂತು. ಒಟ್ಟು 1,14,000 ಡಾಲರಿನ ಆಸುಪಾಸಿನಲ್ಲಿ ಚಿತ್ರ ಮುಗಿಯಿತು. ಅದೇ 1968ರಲ್ಲಿ ತೆರೆಕಂಡ 'ನೈಟ್ ಆಫ್ ದಿ ಲಿವಿಂಗ್ ಡೆಡ್'.

ಇವಾನ್ಸ್ ಸಿಟಿ ಎಂಬ ಸಣ್ಣ ಊರಿನ ಬಳಿ, ಕೆಡವಲೆಂದು ಬಿಟ್ಟಿದ್ದ ಒಂದು ಹಳೆಯ ತೋಟದ ಮನೆ ಅವರಿಗೆ ಸಿಕ್ಕಿತು. ಚಾಕೊಲೇಟ್ ಸಿರಪ್ ರಕ್ತವಾಯಿತು. ಕಪ್ಪು ಬಿಳುಪಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಣ ಹಾಕಿದವರೇ ಬಣ್ಣ ಹಚ್ಚಿಕೊಂಡರು. ಹ್ಯಾರಿ ಕೂಪರ್ ಎಂಬ ಜಗಳಗಂಟನ ಪಾತ್ರ ಮಾಡಿದ ಕಾರ್ಲ್ ಹಾರ್ಡ್‌ಮನ್ ನಿರ್ಮಾಪಕರಲ್ಲಿ ಒಬ್ಬರು. ಅವರ ಮಗಳೇ ಕಥೆಯಲ್ಲೂ ಮಗಳು. ಹೆಣಗಳಾಗಿ ನಡೆದುಬಂದವರಲ್ಲಿ ಸುತ್ತಲಿನ ಊರಿನವರೂ ಇದ್ದರು. ಪರದೆಯ ಮೇಲೆ ನಮಗೆ ಮೊದಲೇ ಗೊತ್ತಿರುವ ಮುಖ ಒಂದೂ ಇಲ್ಲ. ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಎಂದು ಮುಖ ನೋಡಿ ಊಹಿಸುವ ದಾರಿಯೇ ಮುಚ್ಚಿಹೋಗುತ್ತದೆ.

ಸತ್ತವರು ಎದ್ದು ಬದುಕಿರುವವರನ್ನು ತಿನ್ನತೊಡಗಿದ್ದಾರೆ. ಒಂದು ಮನೆಯೊಳಗೆ ಏಳು ಮಂದಿ ಸಿಕ್ಕಿಕೊಂಡಿದ್ದಾರೆ. ಕಥೆ ಇಷ್ಟೇ. ಚಿತ್ರದ ಜೀವ ಇರುವುದು ಒಳಗಿನ ಏಳು ಮಂದಿಯ ನಡುವಿನ ಜಗಳದಲ್ಲಿ. ನೆಲಮಾಳಿಗೆಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಎನ್ನುತ್ತಾನೆ ಹ್ಯಾರಿ. ಕೆಳಗೆ ಹೋದರೆ ಹೊರಬರುವ ದಾರಿಯಿಲ್ಲ, ಮೇಲೆಯೇ ಇದ್ದು ಕಿಟಕಿಗಳಿಗೆ ಹಲಗೆ ಹೊಡೆಯೋಣ ಎನ್ನುತ್ತಾನೆ ಬೆನ್. ಬೆನ್ ಧೈರ್ಯವಂತ, ಜವಾಬ್ದಾರಿಯುಳ್ಳವ. ಹ್ಯಾರಿ ಸಿಡುಕ, ಸ್ವಾರ್ಥಿ. ನಾವು ಸಹಜವಾಗಿ ಬೆನ್‌ನ ಪಕ್ಷ ವಹಿಸುತ್ತೇವೆ. ಕೊನೆಗೆ ಮನೆಗೆ ಹೆಣಗಳು ನುಗ್ಗಿದಾಗ ಬೆನ್ ಬದುಕುವುದು, ತಾನು ಬೇಡವೆಂದಿದ್ದ ಅದೇ ನೆಲಮಾಳಿಗೆಗೆ ಇಳಿದು. ಒಳ್ಳೆಯವನ ಲೆಕ್ಕ ತಪ್ಪಿತ್ತು, ಕೆಟ್ಟವನ ಲೆಕ್ಕ ಸರಿಯಿತ್ತು. ನಾಯಕನಿಗೆ ಇಂಥ ತಪ್ಪನ್ನು ಹೊರಿಸಲು ದೊಡ್ಡ ಬಂಡವಾಳದ ಚಿತ್ರ ಸುಲಭವಾಗಿ ಒಪ್ಪುವುದಿಲ್ಲ.

ಆಮೇಲೆ ಬೆಳಗಾಗುತ್ತದೆ. ಬಂದೂಕು ಹಿಡಿದ ಊರಿನವರ ಪಡೆ ಹೆಣಗಳನ್ನು ಸುಡುತ್ತ ಬರುತ್ತದೆ. ಸದ್ದು ಕೇಳಿ ಬೆನ್ ಕಿಟಕಿಯ ಹತ್ತಿರ ಬರುತ್ತಾನೆ. ಅವನೂ ಒಂದು ಹೆಣವೆಂದು ಬಗೆದು ದೂರದಿಂದಲೇ ಗುಂಡು ಹೊಡೆಯುತ್ತಾರೆ. ಮುಂದಿನದು ಪತ್ರಿಕೆಯಲ್ಲಿ ಅಚ್ಚಾದ ಫೋಟೊಗಳ ಹಾಗೆ ಕಾಣುವ ಒರಟು ಸ್ತಬ್ಧಚಿತ್ರಗಳು: ಮಾಂಸದ ಅಂಗಡಿಯ ಕೊಕ್ಕೆಗಳು, ಎಳೆದೊಯ್ಯುವ ಕೈಗಳು, ಕಟ್ಟಿಗೆಯ ರಾಶಿ. ಬೆನ್ ಪಾತ್ರ ಮಾಡಿದ ಡುವೇನ್ ಜೋನ್ಸ್ ಕಪ್ಪು ಜನಾಂಗದವರು. ಚಿತ್ರದಲ್ಲಿ ಯಾರೂ ಅವರ ಬಣ್ಣದ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆಯ್ಕೆಗೆ ಬಂದವರಲ್ಲಿ ಅವರ ನಟನೆ ಎಲ್ಲರಿಗಿಂತ ಚೆನ್ನಾಗಿತ್ತು, ಅದಕ್ಕೇ ತೆಗೆದುಕೊಂಡೆವು ಎಂದು ರೊಮೆರೊ ಹೇಳುತ್ತ ಬಂದರು. ಆದರೆ 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಈ ಕೊನೆಯ ದೃಶ್ಯಗಳನ್ನು ನೋಡಿದ ಅಮೆರಿಕದವರಿಗೆ ತಮ್ಮ ದೇಶದ ಚರಿತ್ರೆ ಎದುರಿಗೆ ನಿಂತಂತಾಯಿತು. ಈ ಅಂತ್ಯ ಬೇಡ, ಸುಖಾಂತ ಮಾಡಿ ಎಂದು ವಿತರಕರಿಂದ ಒತ್ತಾಯ ಬಂದಿತ್ತು. ರೊಮೆರೊ ಮತ್ತು ಗೆಳೆಯರು ಒಪ್ಪಲಿಲ್ಲ. ಒಪ್ಪದಿರಲು ಸಾಧ್ಯವಾದದ್ದು ಚಿತ್ರ ಅವರದೇ ಆಗಿದ್ದರಿಂದ.

ಸ್ವಾತಂತ್ರ್ಯಕ್ಕೆ ಅವರು ತೆತ್ತ ಬೆಲೆಯೂ ದೊಡ್ಡದು. ವಿತರಕರು ಚಿತ್ರದ ಹೆಸರು ಬದಲಿಸಿದಾಗ ಹೊಸ ಶೀರ್ಷಿಕೆಯ ಜೊತೆ ಹಕ್ಕುಸ್ವಾಮ್ಯದ ಸೂಚನೆ ಹಾಕುವುದು ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಆ ಒಂದು ಸಾಲು ಇಲ್ಲದ ಚಿತ್ರ ಎಲ್ಲರ ಸೊತ್ತು. ಯಾರು ಬೇಕಾದರೂ ಪ್ರತಿ ತೆಗೆದರು, ಯಾರು ಬೇಕಾದರೂ ಮಾರಿದರು. ಮಾಡಿದವರಿಗೆ ನ್ಯಾಯವಾಗಿ ಸಿಗಬೇಕಾದ ಹಣ ಸಿಗಲಿಲ್ಲ. ಚಿತ್ರ ಮಾತ್ರ ಟೀವಿಯಲ್ಲಿ, ವಿಡಿಯೊ ಕ್ಯಾಸೆಟ್ಟುಗಳಲ್ಲಿ ಜಗತ್ತು ಸುತ್ತಿತು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು.

ಉಪ್ಪಿನ ಸರೋವರದ ದಂಡೆಯಲ್ಲಿ

ಸ್ವತಂತ್ರ ಚಿತ್ರದ ಎರಡನೆಯ ಬಲ ಅದು ಇರುವ ಜಾಗ. ಸೆಟ್ಟು ಹಾಕಲು ಹಣವಿಲ್ಲದವರು ಇರುವ ಊರಿಗೇ ಹೋಗಬೇಕು. ಹೋದಾಗ ಆ ಊರಿನ ಕಾಲ, ಹವೆ, ಒಂಟಿತನ ಎಲ್ಲವೂ ಚಿತ್ರದೊಳಗೆ ಬರುತ್ತವೆ.

ಕ್ಯಾನ್ಸಾಸ್ ರಾಜ್ಯದ ಲಾರೆನ್ಸ್‌ನಲ್ಲಿ ಸೆಂಟ್ರಾನ್ ಎಂಬ ಕಂಪನಿ ಶಾಲಾ ಮಕ್ಕಳಿಗಾಗಿ, ಕಾರ್ಖಾನೆಗಳಿಗಾಗಿ ಬೋಧನೆಯ ಕಿರುಚಿತ್ರಗಳನ್ನು ಮಾಡುತ್ತಿತ್ತು. ಅಲ್ಲಿ ನಿರ್ದೇಶಕರಾಗಿದ್ದ ಹರ್ಕ್ ಹಾರ್ವೆ ಒಮ್ಮೆ ಕ್ಯಾಲಿಫೋರ್ನಿಯಾದಿಂದ ಕಾರಿನಲ್ಲಿ ವಾಪಸಾಗುವಾಗ ಯೂಟಾದ ದೊಡ್ಡ ಉಪ್ಪಿನ ಸರೋವರದ ಪಕ್ಕ ಪಾಳುಬಿದ್ದ ಒಂದು ಕಟ್ಟಡವನ್ನು ಕಂಡರು. ಸಾಲ್ಟೇರ್ ಅದರ ಹೆಸರು. ಒಂದು ಕಾಲಕ್ಕೆ ಜನ ರೈಲಿನಲ್ಲಿ ಬಂದು ಈಜಿ, ಕುಣಿದು ಹೋಗುತ್ತಿದ್ದ ವಿಹಾರಸ್ಥಳ. ಆ ಕಟ್ಟಡದಿಂದಲೇ ಕಥೆ ಹುಟ್ಟಿತು. ಸಹೋದ್ಯೋಗಿ ಜಾನ್ ಕ್ಲಿಫರ್ಡ್ ಅದನ್ನು ಬರೆದರು. ಊರಿನ ಪರಿಚಯಸ್ಥರಿಂದ ಹಣ ಸೇರಿಸಿ ಸುಮಾರು 33,000 ಡಾಲರಿನಲ್ಲಿ, ಮೂರು ವಾರಗಳಲ್ಲಿ 'ಕಾರ್ನಿವಲ್ ಆಫ್ ಸೋಲ್ಸ್' ಚಿತ್ರೀಕರಣ ಮುಗಿಯಿತು. 1962ರಲ್ಲಿ ಬಿಡುಗಡೆಯಾಯಿತು. ಬಿಳಿಚಿದ ಮುಖದ ಪ್ರೇತದ ಪಾತ್ರವನ್ನು ಹಾರ್ವೆ ತಾವೇ ಮಾಡಿದರು.

ಮೇರಿ ಹೆನ್ರಿ ಎಂಬ ತರುಣಿ. ಕಾರು ಸೇತುವೆಯಿಂದ ಹೊಳೆಗೆ ಬಿದ್ದಾಗ ಅವಳೊಬ್ಬಳು ಮಾತ್ರ ಮೇಲೆ ಬರುತ್ತಾಳೆ. ಬೇರೆ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ಹೋಗುತ್ತಾಳೆ. ಪಕ್ಕದ ಕೋಣೆಯ ಗಂಡಸು ಕಾಡುತ್ತಾನೆ, ಪಾದ್ರಿ ಉಪದೇಶ ಮಾಡುತ್ತಾರೆ, ವೈದ್ಯರು ಎಲ್ಲ ಮನಸ್ಸಿನ ಭ್ರಮೆ ಎನ್ನುತ್ತಾರೆ. ಒಂದು ದಿನ ಬಟ್ಟೆ ಅಂಗಡಿಯಲ್ಲಿ ಉಡುಪು ಹಾಕಿ ನೋಡಿ ಹೊರಬರುವಾಗ ಇದ್ದಕ್ಕಿದ್ದಂತೆ ಲೋಕದ ಸದ್ದೆಲ್ಲ ನಿಂತುಹೋಗುತ್ತದೆ. ಅವಳು ಮಾತನಾಡಿದರೆ ಯಾರಿಗೂ ಕೇಳಿಸುವುದಿಲ್ಲ, ಎದುರು ನಿಂತರೆ ಯಾರಿಗೂ ಕಾಣಿಸುವುದಿಲ್ಲ. ಅವಳ ಹೆಜ್ಜೆಯ ಸದ್ದೊಂದೇ ಉಳಿಯುತ್ತದೆ. ಉದ್ಯಾನಕ್ಕೆ ಓಡಿಬಂದು ಮರಕ್ಕೆ ಆನಿಕೊಂಡಾಗ ಒಂದು ಹಕ್ಕಿಯ ದನಿಯೊಂದಿಗೆ ಸದ್ದು ಮರಳುತ್ತದೆ. ಇದಕ್ಕೆ ಬೇಕಾದದ್ದು ಧ್ವನಿಪಟ್ಟಿಯಿಂದ ಕೆಲವು ಸದ್ದುಗಳನ್ನು ತೆಗೆದುಹಾಕುವುದು ಮಾತ್ರ. ನಗರದ ನಡುವೆ ಒಬ್ಬಂಟಿ ಹೆಣ್ಣನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ಅನುಭವವನ್ನು ಇಷ್ಟು ತೀಕ್ಷ್ಣವಾಗಿ ಹೇಳಿದ ಚಿತ್ರಗಳು ಕಡಿಮೆ. ಹಾರ್ವೆ ಮತ್ತೆ ಪೂರ್ಣಾವಧಿಯ ಚಿತ್ರ ಮಾಡಲಿಲ್ಲ. ಬೋಧನೆಯ ಕಿರುಚಿತ್ರಗಳಿಗೇ ಮರಳಿದರು. ಬೇರೆ ಬದುಕಿನ ನಡುವೆ ಒಮ್ಮೆ ಮಾತ್ರ ಹೇಳಬೇಕೆನಿಸಿದ್ದನ್ನು ಹೇಳಿಬಿಡುವ ಅವಕಾಶ ಇಂಥ ಸಿನಿಮಾದಲ್ಲಿ ಉಂಟು ಎಂಬುದೇ ನನಗೆ ಅಮೂಲ್ಯ.

ತೋರಿಸದೆ ಉಳಿದದ್ದು

ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಕ್ರಮವನ್ನು ನೆನೆಸಿಕೊಳ್ಳಿ. ಇಬ್ಬರು ಹಿಡಿದ ತೆರೆಯ ಹಿಂದಿನಿಂದ ಮೊದಲು ಅಬ್ಬರ ಕೇಳಿಸುತ್ತದೆ, ಕಿರೀಟದ ಅಂಚು ಕಾಣಿಸುತ್ತದೆ. ಪೂರ್ತಿ ಮುಖ ಕಾಣಲು ಬಹಳ ಹೊತ್ತು ಬೇಕು. ಆ ಹೊತ್ತಿನಲ್ಲಿ ರಾಕ್ಷಸನನ್ನು ಪ್ರೇಕ್ಷಕರೇ ಕಟ್ಟಿಕೊಂಡಿರುತ್ತಾರೆ. ಸಣ್ಣ ಬಂಡವಾಳದ ಭಯಾನಕ ಚಿತ್ರ ದುಡಿಸಿಕೊಳ್ಳುವುದು ಈ ಹೊತ್ತನ್ನು.

ಟೋಬ್ ಹೂಪರ್ ಅವರ 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' 1973ರ ಬೇಸಿಗೆಯಲ್ಲಿ ಚಿತ್ರೀಕರಣಗೊಂಡು 1974ರಲ್ಲಿ ತೆರೆಕಂಡಿತು. ಹೆಸರು ಕೇಳಿದರೆ ರಕ್ತದ ಹೊಳೆ ಹರಿದಿರಬೇಕು ಅನ್ನಿಸುತ್ತದೆ. ನೋಡಿದವರು ರಕ್ತ ಕಂಡೆವೆಂದು ಹೇಳಿಯೂ ಹೇಳುತ್ತಾರೆ. ಚಿತ್ರದಲ್ಲಿ ಕಾಣುವ ರಕ್ತ ತೀರ ಕಡಿಮೆ. ಬಿಸಿಲು, ಮೂಳೆ, ಗರಿ, ಗರಗಸದ ಸದ್ದು, ಓಡುವ ಹುಡುಗಿಯ ಉಸಿರು ಸೇರಿ ನಮ್ಮೊಳಗೆ ಉಳಿದದ್ದನ್ನು ತುಂಬುತ್ತವೆ.

1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಇನ್ನೂ ಮುಂದೆ ಹೋಯಿತು. ಡೇನಿಯಲ್ ಮಿರಿಕ್, ಎಡ್ವಾರ್ಡೊ ಸಾಂಚೆಸ್ ಎಂಬ ಇಬ್ಬರು ನಿರ್ದೇಶಕರು ಮೂವರು ಅಪರಿಚಿತ ನಟರನ್ನು ಮೇರಿಲ್ಯಾಂಡಿನ ಕಾಡಿಗೆ ಕಳಿಸಿದರು. ಕ್ಯಾಮೆರಾ ನಟರ ಕೈಯಲ್ಲೇ. ಅಂದಂದಿನ ಸೂಚನೆಗಳನ್ನು ಫಿಲ್ಮ್ ಡಬ್ಬಿಗಳಲ್ಲಿ ಇಟ್ಟು ಹೋಗುತ್ತಿದ್ದರು, ದಿನ ಕಳೆದಂತೆ ಊಟ ಕಡಿಮೆ ಮಾಡುತ್ತಿದ್ದರು. ಮುಖ್ಯ ಚಿತ್ರೀಕರಣ ಎಂಟು ದಿನ. ಹೆಸರಿನಲ್ಲಿರುವ ಮಾಟಗಾತಿ ಕೊನೆಯವರೆಗೂ ಕಾಣುವುದೇ ಇಲ್ಲ. ಭೂಪಟ ಕಳೆದುಹೋದ ಮೇಲೆ ಮೂವರು ಗೆಳೆಯರು ಒಬ್ಬರನ್ನೊಬ್ಬರು ದೂರುತ್ತ, ಕ್ಷಮೆ ಕೇಳುತ್ತ ಒಡೆದುಹೋಗುವುದು ಕಾಣುತ್ತದೆ.

ಓರೆನ್ ಪೆಲಿ ಸ್ಯಾನ್ ಡಿಯಾಗೊದ ತಮ್ಮ ಸ್ವಂತ ಮನೆಯಲ್ಲೇ, ಸುಮಾರು 15,000 ಡಾಲರಿನಲ್ಲಿ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ಮಾಡಿದರು. 2007ರಲ್ಲಿ ಅದು ಚಿತ್ರೋತ್ಸವದಲ್ಲಿ ತೆರೆಕಂಡಿತು. ಮಲಗುವ ಕೋಣೆಯ ಮೂಲೆಯಲ್ಲಿ ಕದಲದೆ ನಿಂತ ಕ್ಯಾಮೆರಾ, ಓಡುವ ಗಡಿಯಾರದ ಅಂಕೆಗಳು, ಅರೆತೆರೆದ ಬಾಗಿಲು. ಎಲ್ಲಿ ನೋಡಬೇಕು ಎಂದು ಚಿತ್ರ ಹೇಳುವುದಿಲ್ಲ. ನಾವೇ ಚೌಕಟ್ಟಿನ ತುಂಬ ಕಣ್ಣಾಡಿಸುತ್ತೇವೆ. ದೊಡ್ಡ ಸ್ಟುಡಿಯೊ ಈ ಚಿತ್ರವನ್ನು ಕೊಂಡು 2009ರಲ್ಲಿ ಎಲ್ಲೆಡೆ ಬಿಡುಗಡೆ ಮಾಡುವಾಗ ಅಂತ್ಯ ಬದಲಾಯಿತು. ಹೊಸ ಅಂತ್ಯದಲ್ಲಿ ಕ್ಯಾಮೆರಾದ ಮೇಲೆ ಎರಗುವ ವಿಕಾರ ಮುಖ ಬಂತು, ಮುಂದಿನ ಭಾಗಗಳಿಗೆ ದಾರಿ ಉಳಿಯಿತು. ಹಣ ಒಳಗೆ ಬಂದ ಕೂಡಲೇ ಮೊದಲು ಕೈ ಹಾಕುವುದು ಕೊನೆಯ ದೃಶ್ಯಕ್ಕೆ. ರೊಮೆರೊ ಮತ್ತು ಅವರ ಗೆಳೆಯರು ಯಾವುದನ್ನು ಬಿಟ್ಟುಕೊಡಲಿಲ್ಲ ಎಂಬುದು ಈ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ.

ದುಡಿದವರ ಪಾಲು

ಬಡತನವನ್ನು ನಾನು ಹೊಗಳುತ್ತಿಲ್ಲ. ಹಣವಿಲ್ಲ ಎಂಬ ಮಾತ್ರಕ್ಕೆ ಚಿತ್ರ ಒಳ್ಳೆಯದಾಗುವುದಿಲ್ಲ. ಈ ಬಗೆಯ ಬಹುಪಾಲು ಚಿತ್ರಗಳು ಕಿವಿಗಡಚಿಕ್ಕುವ ಸದ್ದಿನಿಂದ ಬೆಚ್ಚಿಬೀಳಿಸಿ, ಹೆಣ್ಣಿನ ದೇಹವನ್ನು ಹಿಂಸಿಸುವುದನ್ನೇ ತೋರಿಸಿ ಮುಗಿಯುತ್ತವೆ. ಅವನ್ನು ನೋಡಿ ಎಂದು ನಾನು ಹೇಳುವುದಿಲ್ಲ.

ಒಳ್ಳೆಯ ಚಿತ್ರಗಳ ವಿಷಯದಲ್ಲೂ ಕೇಳಲೇಬೇಕಾದ ಪ್ರಶ್ನೆಯಿದೆ. ಉಳಿಸಿದ ಹಣ ಯಾರ ಮೈಮೇಲಿಂದ ಉಳಿಯಿತು? ಟೆಕ್ಸಾಸ್ ಚಿತ್ರದ ಊಟದ ದೃಶ್ಯವನ್ನು ಕಿಟಕಿಗಳನ್ನೆಲ್ಲ ಮುಚ್ಚಿ, ಉರಿಸೆಕೆಯಲ್ಲಿ, ಕೊಳೆಯುವ ಮಾಂಸದ ನಾತದ ನಡುವೆ ಒಂದು ಇಡೀ ಹಗಲು ರಾತ್ರಿಗೂ ಮೀರಿ ಚಿತ್ರೀಕರಿಸಿದರು. ಚಿತ್ರ ಗಳಿಸಿದ್ದರಲ್ಲಿ ನಟರಿಗೂ ತಂತ್ರಜ್ಞರಿಗೂ ತಲುಪಿದ್ದು ಅತ್ಯಲ್ಪ. 'ಬ್ಲೇರ್ ವಿಚ್' ಜಗತ್ತಿನಾದ್ಯಂತ ಸುಮಾರು 24.8 ಕೋಟಿ ಡಾಲರ್ ಗಳಿಸಿತು. ಕಥೆ ನಿಜವೆಂದು ನಂಬಿಸಲು ನಟರ ನಿಜ ಹೆಸರುಗಳನ್ನೇ ಪಾತ್ರಗಳಿಗೆ ಇಟ್ಟು, ಅವರು ಕಾಣೆಯಾಗಿದ್ದಾರೆ ಎಂದು ಪ್ರಚಾರ ಮಾಡಲಾಗಿತ್ತು. ನಾಯಕಿಯ ತಾಯಿಗೆ ಸಂತಾಪದ ಪತ್ರಗಳು ಬಂದವು. ನ್ಯಾಯವಾದ ಪಾಲು ಕೊಡಿ ಎಂದು ಆ ಮೂವರು ನಟರು 2024ರಲ್ಲಿ, ಇಪ್ಪತ್ತೈದು ವರ್ಷಗಳ ಮೇಲೆ, ಬಹಿರಂಗವಾಗಿ ಕೇಳಬೇಕಾಯಿತು. ಆ ಚಿತ್ರವನ್ನು ಪ್ರೀತಿಸುವವರಿಗೆ ಈ ಸಂಗತಿಯೂ ಗೊತ್ತಿರಬೇಕು.

ಜಪಾನಿನ ಶಿನ್‌ಇಚಿರೊ ಉಎದಾ ಅವರ 'ಒನ್ ಕಟ್ ಆಫ್ ದಿ ಡೆಡ್' ನನಗೆ ಪ್ರಿಯವಾದದ್ದು ಇದೇ ಕಾರಣಕ್ಕೆ. 2017ರ ಈ ಚಿತ್ರ ಟೋಕಿಯೊದ ಒಂದು ನಟನಾ ಶಾಲೆಯ ತರಬೇತಿಯಿಂದ ಹುಟ್ಟಿತು. ಖರ್ಚು ಸುಮಾರು 30 ಲಕ್ಷ ಯೆನ್. ಮೊದಲ 37 ನಿಮಿಷ ಒಂದೇ ಟೇಕ್: ಪಾಳು ಕಾರ್ಖಾನೆಯಲ್ಲಿ ಹೆಣಗಳು ಏಳುವ ಕಥೆ, ಅಲ್ಲಲ್ಲಿ ಎಡವಟ್ಟು, ಅಸಹಜ ಮೌನ. ದಯವಿಟ್ಟು ಅಲ್ಲಿಗೇ ಎದ್ದು ಹೋಗಬೇಡಿ. ಆಮೇಲಿನ ಭಾಗ ಆ ಒಂದೊಂದು ಎಡವಟ್ಟಿನ ಹಿಂದೆ ಯಾರು ದುಡಿದರು ಎಂದು ತೋರಿಸುತ್ತದೆ. ಹೇಗೆ ಎಂದು ನಾನು ಹೇಳುವುದಿಲ್ಲ. ಬೆರಳೆಣಿಕೆಯ ಚಿತ್ರಮಂದಿರಗಳಲ್ಲಿ ಶುರುವಾದ ಆ ಚಿತ್ರ ಜಪಾನಿನಲ್ಲೇ 300 ಕೋಟಿ ಯೆನ್ ಮೀರಿ ಗಳಿಸಿತು. ಪರದೆಯ ಹಿಂದೆ ಬೆವರು ಸುರಿಸುವವರನ್ನು ಇಷ್ಟು ಗೌರವದಿಂದ ಕಂಡ ಭಯಾನಕ ಚಿತ್ರವನ್ನು ನಾನು ಬೇರೆ ಕಂಡಿಲ್ಲ.

ನಮ್ಮಲ್ಲಿ

ಭಾರತದಲ್ಲಿ ಈ ದಾರಿಯನ್ನು ಗಟ್ಟಿಯಾಗಿ ತುಳಿದವರು ರಾಮ್ಸೆ ಸಹೋದರರು. ಏಳು ಅಣ್ಣತಮ್ಮಂದಿರಲ್ಲಿ ಒಬ್ಬರು ಬರೆದರು, ಒಬ್ಬರು ಕ್ಯಾಮೆರಾ ಹಿಡಿದರು, ಒಬ್ಬರು ಧ್ವನಿ ನೋಡಿಕೊಂಡರು, ತುಳಸಿ ಮತ್ತು ಶ್ಯಾಮ್ ನಿರ್ದೇಶಿಸಿದರು. ದೊಡ್ಡ ತಾರೆಯರಿಲ್ಲದೆ, ಬೊಂಬಾಯಿಯ ದೊಡ್ಡ ಸ್ಟುಡಿಯೊಗಳ ಹಂಗಿಲ್ಲದೆ 1972ರ 'ದೋ ಗಜ್ ಜಮೀನ್ ಕೆ ನೀಚೆ'ಯಿಂದ 1984ರ 'ಪುರಾನಾ ಮಂದಿರ್'ವರೆಗೆ ತಮ್ಮದೇ ಪ್ರೇಕ್ಷಕವರ್ಗವನ್ನು ಕಟ್ಟಿದರು.

ಕನ್ನಡದಲ್ಲಿ 1979ರ 'ನಾ ನಿನ್ನ ಬಿಡಲಾರೆ' ಹಲವರ ನೆನಪಿನಲ್ಲಿದೆ. ಅದರಲ್ಲಿ ಅನಂತನಾಗ್, ಲಕ್ಷ್ಮಿ ಇದ್ದರು. ಅದು ತಾರೆಯರ ಚಿತ್ರ. ನಾನು ಹೇಳುತ್ತಿರುವ ಬಗೆಗೆ ಹತ್ತಿರವಾದದ್ದು 2013ರ '6-5=2'. ಹೊಸ ಮುಖಗಳು, ಚಾರಣಕ್ಕೆ ಹೋದ ಗೆಳೆಯರ ಗುಂಪು, ಅವರ ಕೈಯಲ್ಲೇ ಇರುವ ಕ್ಯಾಮೆರಾ, ದಟ್ಟ ಕಾಡು. ಯಾರು ಉಳಿಯುತ್ತಾರೆಂದು ಮುಖ ನೋಡಿ ಹೇಳಲಾಗದ ಸ್ಥಿತಿಯನ್ನು ಕನ್ನಡದ ಪ್ರೇಕ್ಷಕರೂ ಅನುಭವಿಸಿದರು. ಅದೇ ವರ್ಷ ಪವನ್ ಕುಮಾರ್ ಅವರ 'ಲೂಸಿಯಾ' ಪ್ರೇಕ್ಷಕರಿಂದಲೇ ಹಣ ಕೂಡಿಸಿ ತಯಾರಾಯಿತು. ಅದು ಭಯಾನಕ ಚಿತ್ರವಲ್ಲ. ಆದರೆ ಪಿಟ್ಸ್‌ಬರ್ಗಿನ ಹತ್ತು ಜನ ಮಾಡಿದ್ದನ್ನು ನಮ್ಮವರೂ ಮಾಡಬಲ್ಲರು ಎಂದು ತೋರಿಸಿಕೊಟ್ಟಿತು.

ಜಾಗಗಳಿಗೆ ನಮ್ಮಲ್ಲಿ ಕೊರತೆಯೇ? 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ, ಅದರ ಸುತ್ತಲ ಮಣ್ಣಿನ ಗುಡ್ಡಗಳು, ಕೆಲಸ ಕಳೆದುಕೊಂಡವರ ಸಾಲುಮನೆಗಳಿವೆ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಿವೆ. ಬೆಂಗಳೂರಿನ ಅಂಚಿನಲ್ಲಿ ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟುಗಳಿವೆ, ಅವನ್ನು ರಾತ್ರಿಯಿಡೀ ಒಬ್ಬರೇ ಕಾಯುವ ವಾಚ್‌ಮನ್‌ಗಳಿದ್ದಾರೆ. ದೆವ್ವ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಬೀದಿಗಳು ನಮ್ಮವೇ. ಈ ಒಂದೊಂದು ಭಯದ ಹಿಂದೆಯೂ ಯಾರೋ ಅನುಭವಿಸಿದ ನಷ್ಟವಿದೆ, ಅನ್ಯಾಯವಿದೆ. ಅದನ್ನು ಹುಡುಕಿ ಹೋಗುವ ಚಿತ್ರಗಳು ಕನ್ನಡದಲ್ಲಿ ಇನ್ನೂ ಬೇಕು.

ನೋಡುವವರಿಗೆ, ಮಾಡುವವರಿಗೆ

ನೋಡುವವರಿಗೆ ಮೂರು ಪ್ರಶ್ನೆಗಳನ್ನು ಒಪ್ಪಿಸುತ್ತೇನೆ. ಈ ಕಥೆ ಈ ಜಾಗದಲ್ಲಿ ಅಲ್ಲದೆ ಬೇರೆಲ್ಲೂ ನಡೆಯದು ಅನ್ನಿಸುತ್ತದೆಯೇ? ಭೂತಕ್ಕಿಂತ ಹೆಚ್ಚಾಗಿ ಭಯಗೊಂಡ ಮನುಷ್ಯರ ಮೇಲೆ ಚಿತ್ರದ ಗಮನ ಇದೆಯೇ? ಅಂತ್ಯ ಕಥೆಯೊಳಗಿಂದ ಬಂದದ್ದೇ, ಅಥವಾ ನಮ್ಮನ್ನು ಸಮಾಧಾನಪಡಿಸಲು ಅಂಟಿಸಿದ್ದೇ? ಈ ಮೂರಕ್ಕೂ ನಿಲ್ಲುವ ಚಿತ್ರದಲ್ಲಿ ನಟನೆ ಒರಟಾಗಿದ್ದರೂ, ಬೆಳಕು ಮಂಕಾಗಿದ್ದರೂ ಕೊನೆಯವರೆಗೆ ಕುಳಿತು ನೋಡಿ. ಜಿಲ್ಲಾ ಕೇಂದ್ರಗಳಲ್ಲಿರುವ ಚಿತ್ರಸಮಾಜಗಳು ಇಂಥ ಚಿತ್ರಗಳನ್ನು ತರಿಸಿ, ನೋಡಿದ ಮೇಲೆ ಕುಳಿತು ಮಾತನಾಡುವ ರೂಢಿ ಬೆಳೆಸಬೇಕು.

ಮಾಡಹೊರಟಿರುವ ತರುಣ ತರುಣಿಯರಿಗೆ ಹೇಳುವುದಿಷ್ಟು. ಹಾರ್ವೆ ಅವರ ಹಾಗೆ ನಿಮ್ಮ ಕಣ್ಣೆದುರಿನ ಜಾಗದಿಂದ ಕಥೆ ಹುಟ್ಟಲಿ. ರೊಮೆರೊ ಅವರಿಗಾದ ನಷ್ಟ ನಿಮಗೆ ಆಗದಿರಲಿ. ಹಕ್ಕಿನ ಕಾಗದಪತ್ರಗಳನ್ನು ಮೊದಲ ದಿನವೇ ಸರಿಮಾಡಿಕೊಳ್ಳಿ. ಚಿತ್ರ ಗೆದ್ದರೆ ಯಾರಿಗೆ ಎಷ್ಟು ಪಾಲು ಎಂಬುದನ್ನು, ಲೈಟ್ ಹಿಡಿದ ಹುಡುಗನ ಹೆಸರೂ ಬಿಡದೆ, ಚಿತ್ರೀಕರಣಕ್ಕೆ ಮುಂಚೆಯೇ ಬರೆದಿಡಿ. ಹಣ ಕೊಡುವವರು ಬಂದಾಗ ಶೀರ್ಷಿಕೆಯ ಬಗ್ಗೆ, ಉದ್ದದ ಬಗ್ಗೆ, ಪೋಸ್ಟರಿನ ಬಗ್ಗೆ ಚೌಕಾಸಿಗೆ ಕೂರಬಹುದು. ನಿಮ್ಮ ಕಥೆ ತಾನಾಗಿ ತಲುಪಿದ ಕೊನೆಯ ದೃಶ್ಯವನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ.